ಬಲತಿರುವು

ಕೊಯಮತ್ತೂರು
14 ಜನವರಿ 2024

ವಾಗೀಶನಿಗೆ,

ನರೇಶ ಬರೆಯುವುದು. ಹರಿದು ಹಾಕುವುದಿದ್ದರೆ ಈ ಸಾಲಿಗೇ ಹರಿದುಬಿಡು.

ನಿನ್ನ ಫೋನಿನಲ್ಲಿ ನನ್ನ ನಂಬರು ಐದು ವರ್ಷದಿಂದ ಬ್ಲಾಕ್ ಆಗಿದೆ. ಬೇರೆಯವರ ಫೋನಿನಿಂದ ಎರಡು ಸಲ ಮಾಡಿದೆ, ನನ್ನ ದನಿ ಕೇಳುತ್ತಲೇ ನೀನು ಇಟ್ಟುಬಿಟ್ಟೆ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಬರೆದು ಬಹಳ ದಿನವಾಯಿತು. ಆದೋನಿಯ ಶಾಲೆಯಲ್ಲಿ ನಿನ್ನ ಪಕ್ಕ ಕುಳಿತು ನಿನ್ನದನ್ನೇ ನೋಡಿ ಬರೆಯುತ್ತಿದ್ದವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದು.

ಊರು ಬಿಟ್ಟದ್ದು ಹತ್ತಿ ಬೇಲುಗಳ ಲಾರಿಯಲ್ಲಿ. ಲಾರಿ ಇಲ್ಲಿನ ನೂಲಿನ ಮಿಲ್ಲಿಗೆ ಬಂತು, ಅದರ ಜೊತೆ ನಾನೂ ಬಂದೆ. ಮೊದಲು ಟೈರ್ ಅಂಗಡಿ, ಆಮೇಲೆ ಒಂದು ರೇಸ್ ತಂಡದ ಗ್ಯಾರೇಜು. ನಮ್ಮೂರ ಗ್ಯಾರೇಜಿನಲ್ಲಿ ಸುಂಕಪ್ಪ ಮೇಸ್ತ್ರಿ ಕಲಿಸಿದ ಕೆಲಸ ಇಲ್ಲಿಯೂ ನಡೆಯಿತು. ರಿಪೇರಿಯಾದ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಿ ನೋಡುವುದೂ ನನ್ನ ಪಾಲಿಗೆ ಬಂತು. ಹೋದ ತಿಂಗಳು ಹಾಗೆ ಓಡಿಸುವಾಗ ಮ್ಯಾನೇಜರು ಸುಮ್ಮನೆ ಗಡಿಯಾರ ಹಿಡಿದರು. ತಂಡದ ಡ್ರೈವರಿಗಿಂತ ಅರ್ಧ ಸೆಕೆಂಡು ಬೇಗ ಸುತ್ತಿ ಬಂದಿದ್ದೆ. ಆ ಡ್ರೈವರು ಈಗ ಬೇರೆ ತಂಡಕ್ಕೆ ಹೋಗಿದ್ದಾನೆ. ಸೀಟು ನನಗೆ ಕೊಟ್ಟಿದ್ದಾರೆ.

ಸ್ಟಾಕ್ ಕಾರ್ ರೇಸು. ಹೊರಗಿನಿಂದ ನೋಡಿದರೆ ಬೀದಿಯಲ್ಲಿ ಓಡುವ ಕಾರೇ. ಒಳಗೆ ಮಾತ್ರ ಡ್ರೈವರಿನ ಸೀಟೊಂದು ಬಿಟ್ಟರೆ ಬರೀ ಕಬ್ಬಿಣದ ಪೈಪಿನ ಪಂಜರ. ವರ್ಷಕ್ಕೆ ಆರು ರೇಸು, ಎಲ್ಲದರ ಅಂಕ ಕೂಡಿಸಿ ಕೊನೆಗೆ ಒಬ್ಬ ಚಾಂಪಿಯನ್.

ಬಳ್ಳಾರಿಯ ಮಣ್ಣಿನ ಟ್ರ್ಯಾಕಿನಲ್ಲಿ ಮೂರು ಕಪ್ಪು ಗೆದ್ದವನು ನೀನು. ನಾನು ನಿನ್ನ ಹಿಂದೆ ಸ್ಪ್ಯಾನರ್ ಹಿಡಿದು ನಿಂತವನು. ಈ ಸುದ್ದಿಯನ್ನು ನಿನಗೆ ಹೇಳದೆ ಇನ್ನೊಬ್ಬರಿಗೆ ಹೇಳಲು ಬಾಯಿ ಬರಲಿಲ್ಲ. ಕೋಸಗಿಯಲ್ಲಿರುವ ಅವ್ವನಿಗೂ ಸರಿಯಾಗಿ ಹೇಳಿಲ್ಲ.

ಕಾಲು ಹೇಗಿದೆ ಎಂದು ಕೇಳುವ ಮುಖ ನನಗಿಲ್ಲ.

ನರೇಶ


ಕೊಯಮತ್ತೂರು
18 ಮಾರ್ಚ್ 2024

ವಾಗೀಶನಿಗೆ,

ಉತ್ತರ ಬರಲಿಲ್ಲ. ಬರುತ್ತದೆಂದು ನಾನೂ ತಿಳಿದಿರಲಿಲ್ಲ.

ಮೊದಲ ರೇಸು ಮುಗಿಯಿತು. ಹದಿನಾರು ಕಾರು, ನಾನು ಹದಿನಾಲ್ಕನೆಯವನು. ಹಿಂದೆ ಉಳಿದ ಇಬ್ಬರಲ್ಲಿ ಒಬ್ಬನ ಇಂಜಿನ್ ಸುಟ್ಟಿತ್ತು. ಒಂಟಿಯಾಗಿ ಓಡಿಸುವಾಗ ಬರುವ ವೇಗ ನಾಲ್ಕು ಮಂದಿಯ ನಡುವೆ ಯಾಕೆ ಬರುವುದಿಲ್ಲ ಎಂದು ಮ್ಯಾನೇಜರಿಗೆ ತಿಳಿಯುತ್ತಿಲ್ಲ. ನನಗೂ ತಿಳಿಯುತ್ತಿಲ್ಲ. ಇನ್ನೂ ಒಂದು ರೇಸು ನೋಡುತ್ತಾರಂತೆ, ಆಮೇಲೆ ಬೇರೆಯವರು.

ಇಡೀ ರೇಸು ಯೂಟ್ಯೂಬಿನಲ್ಲಿ ಇದೆ. ನನ್ನದು ನೀಲಿ ಕಾರು, ಇಪ್ಪತ್ತೊಂದನೇ ನಂಬರು. ನೋಡು ಎಂದು ಹೇಳುತ್ತಿಲ್ಲ. ಇದೆ ಎಂದಷ್ಟೇ ಹೇಳುತ್ತಿದ್ದೇನೆ.

ನರೇಶ


ಆದೋನಿ
2 ಏಪ್ರಿಲ್ 2024

ನರೇಶ,

ಮೊದಲ ಕಾಗದ ಹರಿದೆ. ನೀನು ಹೇಳಿದ ಸಾಲಿಗಲ್ಲ, ಪೂರ್ತಿ ಓದಿ ಹರಿದೆ. ಎರಡನೆಯದನ್ನು ಅಮ್ಮ ನನಗಿಂತ ಮೊದಲು ಕೈಗೆತ್ತಿಕೊಂಡಿದ್ದಳು. ಇನ್ನು ಮುಂದೆ ಮನೆಗೆ ಬರೆಯಬೇಡ, ಸುಂಕಪ್ಪ ಮೇಸ್ತ್ರಿಯ ಗ್ಯಾರೇಜಿಗೆ ಬರಿ.

ರೇಸು ನೋಡಿದೆ. ನಾಲ್ಕು ಸಲ ನೋಡಿದೆ. ಎಡತಿರುವಿನಲ್ಲಿ ನಿನ್ನಷ್ಟು ವೇಗವಾಗಿ ಹೋಗುವವರು ಆ ಹದಿನಾರರಲ್ಲಿ ಇಬ್ಬರೇ. ಬಲತಿರುವು ಬಂತೆಂದರೆ, ಪಕ್ಕದಲ್ಲಿ ಇನ್ನೊಂದು ಕಾರು ಇತ್ತೆಂದರೆ, ಆಕ್ಸಿಲರೇಟರಿನಿಂದ ಕಾಲು ಎತ್ತುತ್ತೀಯ. ಒಂದು ಸಲವಲ್ಲ, ಪ್ರತಿ ಸುತ್ತಿನಲ್ಲಿ, ಪ್ರತಿ ಬಲತಿರುವಿನಲ್ಲಿ. ಯಾಕೆಂದು ನಿನ್ನ ಮ್ಯಾನೇಜರಿಗೆ ಗೊತ್ತಾಗುವುದಿಲ್ಲ. ನಿನಗೂ ತಿಳಿಯುತ್ತಿಲ್ಲ ಎಂದು ಬರೆದಿದ್ದೀಯಲ್ಲ, ಅದು ಸುಳ್ಳು. ಮಾಧವರಂ ರಸ್ತೆಯ ಕಾಲುವೆ ಪಕ್ಕದ ತಿರುವೂ ಬಲಕ್ಕೇ ಇತ್ತು.

ಆವತ್ತು ಸ್ಟಿಯರಿಂಗ್ ನಿನ್ನ ಕೈಯಲ್ಲಿತ್ತು. ನಾನು ಎಡಗಡೆ ಸೀಟಿನಲ್ಲಿದ್ದೆ. ಕಾರು ಎಡಕ್ಕೆ ಮಗುಚಿತು. ಪೊಲೀಸರಿಗೂ ಅಪ್ಪನಿಗೂ ನಾನೇ ಓಡಿಸುತ್ತಿದ್ದೆ ಎಂದು ಹೇಳಿದೆ. ನಿನಗೆ ಲೈಸೆನ್ಸ್ ಇರಲಿಲ್ಲ, ‘ತಗೋ, ನೀನೂ ಒಂದು ಸಲ ಓಡಿಸು’ ಎಂದು ಕೊಟ್ಟವನು ನಾನು. ಅದಕ್ಕೆ ನನಗೆ ಸಿಟ್ಟಿಲ್ಲ. ಕಾಲು ಹೋದದ್ದಕ್ಕೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಅದು ಬೇರೆ ಸಿಟ್ಟು. ಕರ್ನೂಲಿನ ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಮಲಗಿದ್ದೆ. ಇಪ್ಪತ್ತಾರು ದಿನವೂ ಬಾಗಿಲು ನೋಡಿದೆ. ನೀನು ಬರಲಿಲ್ಲ. ಅದಕ್ಕೆ ಉತ್ತರವಿದ್ದರೆ ಬರಿ. ಇಲ್ಲದಿದ್ದರೆ ಬರೆಯಬೇಡ.

ಹಿಂದಿನ ಟೈರುಗಳ ಗಾಳಿ ಸ್ವಲ್ಪ ಕಡಿಮೆ ಮಾಡು.

ವಾಗೀಶ


ಕೊಯಮತ್ತೂರು
10 ಏಪ್ರಿಲ್ 2024

ವಾಗೀಶ,

ಬಂದಿದ್ದೆ. ಮೂರನೆಯ ದಿನ ಬಂದಿದ್ದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಮ್ಮಪ್ಪ ಕುಳಿತಿದ್ದರು. ರೇವಣಸಿದ್ದಯ್ಯ ಸಾವ್ಕಾರರು ಹಾಗೆ ಎಲ್ಲರ ಕಾಲಡಿ ಕುಳಿತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನ್ನನ್ನು ಕಂಡು ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು.

“ಅರ್ಧ ಮೈಲಿ ಹೆಗಲ ಮ್ಯಾಲೆ ಹೊತ್ಕೊಂಡು ಓಡಿ ಬಂದೆಂತಲ್ಲೋ ನರೇಶ. ನೀನಿರದಿದ್ರ ನನ್ನ ಮಗ ಉಳೀತಿರಲಿಲ್ಲ. ದಿನಾ ದೇವರ ಮುಂದ ನಿನ್ನ ಹೆಸರು ಹೇಳ್ತೀನೋ ನಾ.”

“ಸಾವ್ಕಾರ್ರೇ, ನಾನ…” ಎಂದು ಬಾಯಿ ತೆರೆದೆ.

“ಏನೂ ಮಾತಾಡಬ್ಯಾಡ. ಉಂಡಿಲ್ಲ ನೀನು, ಮಾರಿ ನೋಡಿದ್ರ ಗೊತ್ತಾಗ್ತೈತಿ” ಎಂದು ಹೇಳಿ ಎದುರಿನ ಹೋಟೆಲಿಗೆ ಕರೆದೊಯ್ದರು. ಮಂಡಕ್ಕಿ ಉಗ್ಗಾಣಿ, ಮಿರ್ಚಿ ಬಜ್ಜಿ ತರಿಸಿದರು. ಪಕ್ಕದಲ್ಲಿ ಕುಳಿತು ತಿನ್ನಿಸಿದರು. ನಾನು ತಿಂದೆ ವಾಗೀಶ. ಬಾಯಿಗೆ ಬಂದ ಮಾತನ್ನು ಆ ಉಗ್ಗಾಣಿಯ ಜೊತೆ ನುಂಗಿ, ತಟ್ಟೆ ಖಾಲಿ ಮಾಡಿದೆ. ಒಳಗೆ ನಿನ್ನ ಕಾಲು ತೆಗೆಯುತ್ತಿದ್ದರು. ಅದನ್ನು ತಿಂದ ಮೇಲೆ ನಿನ್ನ ಮುಂದೆ ಹೇಗೆ ಬಂದು ನಿಲ್ಲಲಿ? ‘ಕೈ ತೊಳ್ಕೊಂಡು ಬರ್ತೀನ್ರಿ’ ಎಂದು ಹೊರಗೆ ಬಂದವನು ಬಸ್ಸು ಹತ್ತಿದೆ. ಮಾರನೆಯ ವಾರ ಲಾರಿ ಹತ್ತಿದೆ.

ಇದು ಉತ್ತರವಲ್ಲ ಎಂದು ನನಗೆ ಗೊತ್ತು. ಆದದ್ದು ಇಷ್ಟು.

ನರೇಶ

ಗಾಳಿ ಕಡಿಮೆ ಮಾಡಿದೆ. ಕಾರು ನೆಲಕ್ಕೆ ಅಂಟಿದ ಹಾಗೆ ಹೋಗುತ್ತಿದೆ.


ಆದೋನಿ
20 ಮೇ 2024

ನರೇಶ,

ನಿನ್ನ ಕಾಗದ ಬಂದು ತಿಂಗಳಾಯಿತು. ಎರಡು ಸಲ ಬರೆಯಲು ಕುಳಿತೆ, ಆಗಲಿಲ್ಲ. ಅಪ್ಪ ನಿನ್ನ ಕೈ ಹಿಡಿದದ್ದು ನನಗೆ ಗೊತ್ತಿರಲಿಲ್ಲ. ನಿನಗೆ ಮಿರ್ಚಿ ತಿನ್ನಿಸಿದ್ದೂ ಗೊತ್ತಿರಲಿಲ್ಲ. ನಾನು ನಿನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಬಹುಶಃ ಇನ್ನೊಂದು ಪ್ಲೇಟು ತಿನ್ನುತ್ತಿದ್ದೆ. ಇಷ್ಟಕ್ಕೆ ಕ್ಷಮಿಸಿದೆ ಎಂದು ತಿಳಿಯಬೇಡ. ಬಾಗಿಲು ನೋಡುವುದನ್ನು ನಿಲ್ಲಿಸಿದ್ದೇನೆ, ಅಷ್ಟೆ.

ನಾನು ಈಗ ಅಪ್ಪನ ಹತ್ತಿ ಅಂಗಡಿಯಲ್ಲಿ ಕೂರುತ್ತೇನೆ. ಬಂದ ಹತ್ತಿಯ ಎಳೆ ಎಳೆದು ನೋಡಿ ದರ್ಜೆ ಹೇಳುವುದು ನನ್ನ ಕೆಲಸ. ಕೃತಕ ಕಾಲು ಇದೆ, ನಡೆಯುತ್ತೇನೆ, ಬಿಸಿಲಿಗೆ ಮಾತ್ರ ಉರಿಯುತ್ತದೆ. ಕಾರು ಮುಟ್ಟಿಲ್ಲ. ಮನೆಯಲ್ಲಿ ಆ ಮಾತೇ ಎತ್ತುವ ಹಾಗಿಲ್ಲ.

ಹೋದ ವಾರ ನಿಮ್ಮವ್ವ ರಾಮಲಕ್ಷ್ಮಮ್ಮ ಅಂಗಡಿಗೆ ಬಂದಿದ್ದಳು. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸುವ ಕೆಲಸ ಮುಗಿಸಿ ಆಗಷ್ಟೇ ಊರಿಗೆ ಬಂದಿದ್ದಳಂತೆ.

“ನಮ್ಮ ನರೇಶ ಏನ್ ಕೆಲಸ ಮಾಡ್ತಾನ ಹೇಳಪಾ. ಕೇಳಿದ್ರ ಗಾಡಿ ನಡಸ್ತೀನವ್ವ ಅಂತಾನ. ಲಾರಿಯಾ, ಬಸ್ಸಾ?”

“ಕಾರವ್ವ. ರೇಸಿನ ಕಾರು.”

“ಎಲ್ಲಿಗೆ ಹೋಗ್ತೈತಿ ಅದು?”

“ಎಲ್ಲಿಗೂ ಇಲ್ಲ. ಸುತ್ತು ಹೊಡದು ಹೊಂಟಲ್ಲಿಗೇ ಬರ್ತೈತಿ.”

“ಅಯ್ಯ! ಅದಕ್ಕ ಪಗಾರ ಬ್ಯಾರೆ ಕೊಡ್ತಾರಾ?”

ಫೋನಿನಲ್ಲಿ ನಿನ್ನ ರೇಸು ಹಾಕಿ ತೋರಿಸಿದೆ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. “ಎಲ್ಲಾರನ್ನೂ ಮುಂದ ಬಿಡಾಕತ್ಯಾನ ನೋಡು. ಸಣ್ಣಾವಿದ್ದಾಗಿಂದ ಒಳ್ಳೆ ಮನಸು ಅವಂದು” ಎಂದಳು. ಐದು ವರ್ಷದಲ್ಲಿ ನಾನು ಹಾಗೆ ನಕ್ಕಿರಲಿಲ್ಲ. ಅಂಗಡಿಯ ಹಮಾಲಿ ಕೆಂಚಣ್ಣ ಓಡಿ ಬಂದ, ಏನೋ ಆಯಿತೆಂದು.

ಎರಡನೆಯ ರೇಸನ್ನೂ ನೋಡಿದೆ. ಒಂಬತ್ತನೆಯ ಸ್ಥಾನ. ಸೀಟು ಉಳಿಯಿತು ಎಂದುಕೊಳ್ಳುತ್ತೇನೆ. ಈಗ ಹೇಳುವುದನ್ನು ಕೇಳು. ಖಾಲಿ ಟ್ರ್ಯಾಕಿನಲ್ಲಿ ಒಂದೇ ಒಂದು ಬಲತಿರುವು ಆರಿಸಿಕೋ. ದಿನಕ್ಕೆ ಐವತ್ತು ಸಲ ಅದೊಂದನ್ನೇ ತಿರುಗು. ಮೊದಲು ಎತ್ತಿನಗಾಡಿಯ ವೇಗವಿರಲಿ, ಪರವಾಗಿಲ್ಲ. ಆದರೆ ಕಾಲು ಎತ್ತಬೇಡ. ವೇಗವನ್ನು ದಿನಕ್ಕೆ ಇಷ್ಟಿಷ್ಟೇ ಏರಿಸು. ಆಮೇಲೆ ಎಡಗಡೆ ಇನ್ನೊಂದು ಕಾರು ಓಡಿಸಲು ಯಾರನ್ನಾದರೂ ಕೇಳು.

ವಾಗೀಶ


ಕೊಯಮತ್ತೂರು
2 ಸೆಪ್ಟೆಂಬರ್ 2024

ವಾಗೀಶ,

ಮೂರನೇ ಸ್ಥಾನ! ನಿನ್ನೆ ನಾಲ್ಕನೆಯ ರೇಸು. ಮೂರನೆಯದರಲ್ಲಿ ಐದನೆಯವನಾಗಿ ಬಂದದ್ದನ್ನು ನೋಡಿರಬೇಕು. ಈ ಸಲ ಗೆದ್ದವರು ನಿಲ್ಲುವ ಪೆಟ್ಟಿಗೆಯ ಮೇಲೆ ನಿಲ್ಲಿಸಿದರು. ಬಾಟಲಿ ಕೊಟ್ಟು ನೊರೆ ಚಿಮ್ಮಿಸು ಎಂದರು. ನನಗೆ ಮುಚ್ಚಳ ತೆಗೆಯಲು ಬರಲಿಲ್ಲ, ಗೆದ್ದವನೇ ಕೆಳಗಿಳಿದು ಬಂದು ತೆಗೆದುಕೊಟ್ಟ.

ನೀನು ಹೇಳಿದ ಹಾಗೆ ಐವತ್ತು ಸಲ, ಎರಡು ತಿಂಗಳು. ಗ್ಯಾರೇಜಿನವರು ನನಗೆ ಗಾಣದೆತ್ತು ಎಂದು ಹೆಸರಿಟ್ಟಿದ್ದಾರೆ. ಇರಲಿ. ಈಗ ಟಿಕೆಟ್ ಕೊಂಡು ಬಂದವರು ನನ್ನ ನಂಬರು ಕೂಗುತ್ತಾರೆ. ಹೆಲ್ಮೆಟ್ಟಿನ ಒಳಗೂ ಅದು ಕೇಳಿಸುತ್ತದೆ.

ಇನ್ನು ನಿಜವಾದ ವಿಷಯ. ಪಟ್ಟಿ ಬಿಗಿದು ಕುಳಿತರೆ ನಮಗೆ ಪಕ್ಕದಲ್ಲಿ, ಹಿಂದೆ ಏನಿದೆ ಎಂದು ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಗೋಪುರದ ಮೇಲೆ ಒಬ್ಬ ನಿಂತು ರೇಡಿಯೋದಲ್ಲಿ ಹೇಳುತ್ತಿರುತ್ತಾನೆ, ಹಿಂದೆ ಯಾರು, ಬಲಕ್ಕೆ ಯಾರು, ಎಲ್ಲಿ ಜಾಗ ಖಾಲಿ ಎಂದು. ಅವನಿಗೆ ಸ್ಪಾಟರ್ ಎನ್ನುತ್ತಾರೆ. ನನ್ನ ಸ್ಪಾಟರ್ ಒಳ್ಳೆಯವನು, ಆದರೆ ಅವಸರ ಬಿದ್ದರೆ ಅವನ ಬಾಯಿಗೆ ತಮಿಳೇ ಬರುತ್ತದೆ. ನನ್ನ ತಲೆ ಅದನ್ನು ಕನ್ನಡ ಮಾಡಿಕೊಳ್ಳುವಷ್ಟರಲ್ಲಿ ಕಾರು ನೂರಡಿ ಹೋಗಿರುತ್ತದೆ. ಫೋನಿನ ಪರದೆಯಲ್ಲಿ ನೋಡಿಯೇ ನನ್ನ ತಪ್ಪು ಹಿಡಿದವನು ನೀನು. ನಿನ್ನ ಕಾಗದಗಳನ್ನು ಓದಿ ಹೇಳಿದಾಗ ಮ್ಯಾನೇಜರು ಕೇಳಿದ್ದು ಒಂದೇ ಮಾತು: “ಈ ಮನುಷ್ಯ ಯಾಕೆ ಇನ್ನೂ ಇಲ್ಲಿಲ್ಲ?”

ಬಾ ವಾಗೀಶ. ಕೆಲಸ ಕೊಡುತ್ತಾರೆ. ಕನಿಕರದಿಂದಲ್ಲ.

ನರೇಶ


ಆದೋನಿ
15 ಸೆಪ್ಟೆಂಬರ್ 2024

ನರೇಶ,

ಬರುವುದಿಲ್ಲ. ಬರಲಾಗುವುದಿಲ್ಲ.

ನಿನ್ನ ಕಾಗದವನ್ನು ಗ್ಯಾರೇಜಿನಲ್ಲಿ ನಿಂತು ಮೂರು ಸಲ ಓದಿದೆ. ಮೇಸ್ತ್ರಿಯ ಮುಂದೆ ಕಣ್ಣು ಒರೆಸಿಕೊಳ್ಳಬೇಕಾಯಿತು, ವೆಲ್ಡಿಂಗ್ ಬೆಳಕು ಎಂದೆ. ಅದು ಅವನು ವೆಲ್ಡಿಂಗ್ ಮಾಡದ ದಿನ.

ಅಪ್ಪನಿಗೆ ಕಾರು ಎಂಬ ಮಾತೇ ಆಗದು. ಯಾರಾದರೂ ನನ್ನ ಕಾಲಿನ ಬಗ್ಗೆ ಮರುಗಿದರೆ ನನ್ನ ಎದುರಿಗೇ ಹೇಳುತ್ತಾರೆ: “ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ. ತನ್ನ ಕೈಯಾರ ಮಾಡ್ಕೊಂಡಾನ.” ನಾನು ಹತ್ತಿಯ ಎಳೆ ನೋಡುತ್ತಾ ಕುಳಿತಿರುತ್ತೇನೆ. ಕಾಲಿಲ್ಲದ ಮಗ ಅವರಿಗೆ ಅಭ್ಯಾಸವಾಗಿದ್ದಾನೆ. ಐದು ವರ್ಷ ಸುಳ್ಳು ಹೇಳಿದ ಮಗ ಅಭ್ಯಾಸವಿಲ್ಲ. ಅದಕ್ಕೇ ಅವರಿಗೆ ನಿಜ ಹೇಳಬೇಡ. ನಿನಗಾಗಿ ಅಲ್ಲ, ನನಗಾಗಿ ಹೇಳಬೇಡ.

ರೇಸು ನೋಡುತ್ತಿರುತ್ತೇನೆ. ಬರೆಯುತ್ತಿರುತ್ತೇನೆ. ಅಷ್ಟು ಸಾಕು.

ವಾಗೀಶ


ಕೊಯಮತ್ತೂರು
20 ಡಿಸೆಂಬರ್ 2024

ವಾಗೀಶ,

ಐದನೆಯ ರೇಸು ನೋಡಿರುತ್ತೀಯ. ಕೊನೆಯ ಸುತ್ತಿನವರೆಗೆ ಮೊದಲಿಗನಾಗಿದ್ದೆ. ಕೊನೆಯ ಬಲತಿರುವಿನಲ್ಲಿ ಪುಣೆಯವನ ಕೆಂಪು ಕಾರು ಎಡಕ್ಕೆ ಬಂತು, ನಾನು ಕಾಲು ಎತ್ತಿದೆ. ಅವನು ಗೆದ್ದ.

ಎರಡು ತಿಂಗಳಲ್ಲ, ಎರಡು ವರ್ಷ ಸುತ್ತಿದರೂ ಅದು ಹೋಗುವುದಿಲ್ಲ ಎಂದು ಈಗ ಗೊತ್ತಾಗಿದೆ. ತಪ್ಪಿರುವುದು ಕಾಲಿನಲ್ಲಲ್ಲ. ಆ ಕಾರು ಪಕ್ಕಕ್ಕೆ ಬಂದಾಗಲೆಲ್ಲ ಅದರಲ್ಲಿ ನೀನೇ ಕುಳಿತಿರುತ್ತೀಯ.

ನಿಮ್ಮಪ್ಪನಿಗೆ ನಿಜ ಹೇಳಬೇಡ ಎಂದು ನೀನು ಬರೆದಿದ್ದೆ. ಈ ಕಾಗದ ಗ್ಯಾರೇಜಿಗೆ ತಲುಪುವ ಹೊತ್ತಿಗೆ ನಾನು ಹೇಳಿರುತ್ತೇನೆ. ಸೋಮವಾರದ ರೈಲಿಗೆ ಟಿಕೆಟ್ ತೆಗೆದಿದ್ದೇನೆ. ನೀನು ಮತ್ತೆ ಬರೆಯುವುದನ್ನು ನಿಲ್ಲಿಸಿದರೆ ಅದನ್ನೂ ತಡೆದುಕೊಳ್ಳುತ್ತೇನೆ.

ನರೇಶ


ಆದೋನಿ
3 ಜನವರಿ 2025

ಚಿ. ನರೇಶನಿಗೆ ರೇವಣಸಿದ್ದಯ್ಯನ ಆಶೀರ್ವಾದ.

ಆಶೀರ್ವಾದ ಎಂದು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದೇನೆ. ಕಾಗದದ ಮೇಲೆ ಕಾಣುತ್ತದೆ. ಬೇರೆ ಹಾಳೆ ತೆಗೆದುಕೊಳ್ಳಲಿಲ್ಲ. ನಿನಗೆ ತಿಳಿಯಲಿ ಎಂದೇ ಹಾಗೆ ಬಿಟ್ಟಿದ್ದೇನೆ.

ಆವತ್ತು ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ಹರಾಜು ನಡೆದಿತ್ತು. ನೀನು ಬಂದು, ನಾಲ್ಕು ಜನರ ನಡುವೆ ನಿಂತು, “ಸಾವ್ಕಾರ್ರೇ, ಅವತ್ತು ಗಾಡಿ ನಡಿಸಿದಾಂವ ವಾಗೀಶ ಅಲ್ಲ, ನಾನು” ಎಂದೆ. ನಾನು ಕೈ ಎತ್ತಿದ್ದು ನಿಜ. ಕೆಂಚಣ್ಣ ಅಡ್ಡ ಬಾರದಿದ್ದರೆ ಹೊಡೆಯುತ್ತಿದ್ದೆ. ನೀನು ತಲೆ ತಗ್ಗಿಸದೆ, ಕಣ್ಣು ಮುಚ್ಚದೆ ನಿಂತಿದ್ದೆ. ಹೋಗು ಎಂದೆ, ನೀನು ಹೋದೆ.

ಹರಾಜು ಬಿಟ್ಟು ಮನೆಗೆ ಬಂದೆ. ವಾಗೀಶ ಉಣ್ಣುತ್ತಾ ಕುಳಿತಿದ್ದ. ಕೇಳಿದೆ, “ಯಾಕ ಹೇಳಲಿಲ್ಲೋ ನೀನು, ಇಷ್ಟು ವರ್ಷ?” ಅವನು ತಲೆ ಎತ್ತದೆ ಹೇಳಿದ: “ನಿಮಗ ಸಿಟ್ಟಾಗಾಕ ಒಬ್ಬಾವ ಸಾಕಿತ್ತಪ್ಪಾಜಿ. ಇಬ್ಬರು ಯಾಕ ಬೇಕು?”

ನರೇಶ, ಐದು ವರ್ಷ ನಾನು ಅವನಿಗೆ ಏನೇನು ಅಂದಿದ್ದೇನೆ ಎಂಬುದು ನನಗೆ ಒಂದೊಂದಾಗಿ ನೆನಪಿಗೆ ಬರುತ್ತಿದೆ. ಬಂದವರ ಮುಂದೆ, ಹೋದವರ ಮುಂದೆ. ನೀನು ಮಾಡಿದ ತಪ್ಪು ಒಂದು ದಿನದ್ದು. ನನ್ನದು ದಿನಾ ಮಾಡಿದ್ದು. ಅವನ ತಾಯಿ ಅಂಬಮ್ಮ ಇದನ್ನೆಲ್ಲ ಕೇಳಿ ಅಳಲಿಲ್ಲ. “ಈಗರ ಅವನಿಗೆ ಏನ್ ಬೇಕಂತ ಕೇಳ್ರಿ” ಎಂದಳು. ಕೇಳಿದೆ. ಕೊನೆಯ ರೇಸಿಗೆ ಚೆನ್ನೈಗೆ ಹೋಗಬೇಕೆಂದ. ಗೋಪುರ ಹತ್ತಿ ನಿನಗೆ ದಾರಿ ಹೇಳುವ ಕೆಲಸವಂತೆ. ನನಗೆ ಅರ್ಥವಾಗಲಿಲ್ಲ, ಆದರೆ ಅದನ್ನು ಹೇಳುವಾಗ ಅವನ ಮುಖದಲ್ಲಿ ಇದ್ದದ್ದನ್ನು ನಾನು ಮರೆತೇಬಿಟ್ಟಿದ್ದೆ.

ನೀನು ಸದ್ಯಕ್ಕೆ ನನ್ನ ಮನೆಗೆ ಬರಬೇಡ. ನನ್ನ ಮನಸ್ಸು ತಿಳಿಯಾಗಲು ಸಮಯ ಬೇಕು. ಆದರೆ ಅವನು ಬರುತ್ತಾನೆ. ಈ ಕಾಗದವನ್ನು ಅಂಚೆಗೆ ಹಾಕಿಲ್ಲ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.

ಇಂತು,
ರೇವಣಸಿದ್ದಯ್ಯ


ಚೆನ್ನೈ
27 ಜನವರಿ 2025

ಪೂಜ್ಯ ಅಪ್ಪಾಜಿಯವರಿಗೆ ವಾಗೀಶನ ಶರಣು.

ಫೋನಿನಲ್ಲಿ ‘ಗೆದ್ವಿ, ಗೆದ್ವಿ’ ಎಂದು ಕೂಗಿದ್ದು ಬಿಟ್ಟರೆ ಏನೂ ಹೇಳಲಾಗಲಿಲ್ಲ. ನೀವೂ ಏನು ಏನು ಎಂದು ಕೂಗುತ್ತಲೇ ಇದ್ದಿರಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳಿ.

ಗೋಪುರಕ್ಕೆ ನಲವತ್ತೆರಡು ಮೆಟ್ಟಿಲು. ಒಬ್ಬನೇ ಹತ್ತಿದೆ. ಮೇಲೆ ನಿಂತರೆ ಇಡೀ ಟ್ರ್ಯಾಕು ಅಂಗೈ ಗೆರೆಯ ಹಾಗೆ ಕಾಣುತ್ತದೆ. ಮಧ್ಯಾಹ್ನ ಮೂರಕ್ಕೆ ರೇಸು ಶುರುವಾಯಿತು, ಇಪ್ಪತ್ತು ಸುತ್ತು. ಹಿಂದಿನ ಒಂದೊಂದು ರೇಸನ್ನು ಒಬ್ಬೊಬ್ಬರು ಗೆದ್ದಿದ್ದರು, ಪುಣೆಯವನ ಕಾರು ಎರಡರಲ್ಲಿ ಕೆಟ್ಟು ನಿಂತಿತ್ತು, ಹಾಗಾಗಿ ಅಂಕದಲ್ಲಿ ಅವನೂ ನರೇಶನೂ ಸಮನಾಗಿ ಎಲ್ಲರಿಗಿಂತ ಮುಂದಿದ್ದರು. ಪುಣೆಯವನ ಕೆಂಪು ಕಾರಿಗಿಂತ ನರೇಶ ಮುಂದೆ ಬಂದರೆ ಚಾಂಪಿಯನ್, ಹಿಂದೆ ಬಂದರೆ ಅವನು. ಲೆಕ್ಕ ಅಷ್ಟು ಸರಳವಾಗಿತ್ತು.

ಮೊದಲ ಐದು ಸುತ್ತು ಅಂಗಡಿಯಲ್ಲಿ ಮಾತಾಡುವಷ್ಟೇ ಮೆಲ್ಲಗೆ ಹೇಳುತ್ತಿದ್ದೆ. ನರೇಶ ರೇಡಿಯೋದಲ್ಲಿ ಹೇಳಿದ: “ಲೇ, ಹತ್ತಿ ದರ್ಜೆ ಹೇಳಾಕತ್ತೀಯೇನು? ಜೋರಾಗಿ ಹೇಳು.” ಆಮೇಲೆ ಸರಿಯಾಯಿತು. ಹದಿನೈದನೆಯ ಸುತ್ತಿಗೆ ಅವನು ಎರಡನೆಯ ಸ್ಥಾನಕ್ಕೆ ಬಂದ. ಕೆಂಪು ಕಾರಿನ ಬೆನ್ನಿಗೆ ಮೊಳದಷ್ಟು ಜಾಗ ಬಿಟ್ಟು ಹಿಂಬಾಲಿಸಿದ. ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನ ಇಂಜಿನ್ನಿಗೆ ಆಯಾಸ ಕಡಿಮೆ. ಐದು ಸುತ್ತು ಹಾಗೇ ಹೋದರು.

ಕೊನೆಯ ಸುತ್ತು, ಕೊನೆಯ ತಿರುವು. ಬಲಕ್ಕೆ. ಅದೇ ಬಲಕ್ಕೆ ಅಪ್ಪಾಜಿ. ಪುಣೆಯವನು ಬ್ರೇಕು ಹಾಕುವುದನ್ನು ಒಂದು ಕ್ಷಣ ತಡಮಾಡಿದ. ಒಳಗಡೆ ಜಾಗ ತೆರೆಯಿತು. “ಬಲಕ್ಕ ನುಗ್ಗು” ಎಂದೆ, ನುಗ್ಗಿದ. ಎರಡೂ ಕಾರು ಅಕ್ಕಪಕ್ಕ. ನರೇಶನಿಗೆ ಎಡಗಡೆ ಕೆಂಪು ಬಣ್ಣ ಬಿಟ್ಟರೆ ಏನೂ ಕಾಣುತ್ತಿಲ್ಲ. ಕಾಲು ಎತ್ತಿದರೆ ಮುಗಿಯಿತು. ಎತ್ತದಿದ್ದರೆ ಅವನ ಕಾರು ತಿರುವಿನಿಂದ ಎಡಕ್ಕೆ ಜಾರಿ ರಸ್ತೆಯಷ್ಟನ್ನೂ ಬಳಸುತ್ತದೆ. ಅಲ್ಲಿ ಇನ್ನೊಂದು ಕಾರಿದ್ದರೆ ಇಬ್ಬರೂ ಗೋಡೆಗೆ. ನಾನು ನೋಡುತ್ತಲೇ ಇದ್ದೆ. ಕೆಂಪು ಕಾರಿನ ಹಿಂದಿನ ಚಕ್ರ ಜಾರಿತು, ಅದು ಪೂರ್ತಿ ಒಂದು ಕಾರಿನಷ್ಟು ಹಿಂದೆ ಬಿತ್ತು. ಅದು ನನಗೆ ಕಂಡಿತು, ಅವನಿಗೆ ಕಂಡಿರಲಿಲ್ಲ.

“ಎಡಗಡೆ ಯಾರೂ ಇಲ್ಲ ನರೇಶ” ಎಂದೆ. “ಯಾರೂ ಇಲ್ಲ. ನಾ ಇಲ್ಲಿ ಮ್ಯಾಲೆ ಅದೀನಿ. ಬಿಡಬ್ಯಾಡ.”

ಅವನು ಬಿಡಲಿಲ್ಲ.

ನೀಲಿ ಕಾರು ತಿರುವಿನಿಂದ ಹೊರಬಂದು, ಗೋಡೆಗೆ ಗೇಣು ದೂರದಲ್ಲಿ ಹಾದು, ಗೆರೆ ದಾಟಿತು. ಕೆಂಪು ಕಾರಿಗಿಂತ ಒಂದು ಕಾರಿನಷ್ಟು ಮುಂದೆ. ರೇಡಿಯೋದಲ್ಲಿ ಅವನ ಅಳು ಕೇಳಿಸಿತು. ನಾನು ಇಳಿಯುವಾಗ ಮೆಟ್ಟಿಲು ಎಣಿಸಲಿಲ್ಲ. ಕೆಳಗೆ ಮ್ಯಾನೇಜರು, ಮೆಕ್ಯಾನಿಕ್‌ಗಳು ಎಲ್ಲ ಸೇರಿ ನನ್ನನ್ನೇ ಮೊದಲು ಎತ್ತಿಕೊಂಡರು. ನರೇಶ ಕಾರಿನಿಂದ ಇಳಿದು ಬಂದವನು ಕಪ್ಪಿನ ಕಡೆ ಹೋಗಲಿಲ್ಲ, ನನ್ನ ಮುಂದೆ ಬಂದು ನಿಂತ. “ಹಿಂದಿನ ಟೈರು ನಿನ್ನ ಮಾತಿನಂಗ ಇಟ್ಟಿದ್ದೆ” ಎಂದ. “ಗೊತ್ತಾತು” ಎಂದೆ.

ರಾಮಲಕ್ಷ್ಮಮ್ಮನನ್ನು ತಂಡದವರೇ ಕೋಸಗಿಯಿಂದ ಕರೆಸಿದ್ದರು. ಚಾಂಪಿಯನ್ ಕಪ್ಪನ್ನು ಅವಳ ಕೈಗೆ ಕೊಟ್ಟರು. ಟಿವಿಯವರು ಏನನ್ನಿಸುತ್ತದೆ ಎಂದು ಕೇಳಿದರು. “ಇವತ್ತು ಯಾರಿಗೂ ದಾರಿ ಬಿಡಲಿಲ್ಲ ನೋಡ್ರಿ ನನ್ನ ಮಗ” ಎಂದಳು. ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ಹಾಗಾದರೆ ಆವತ್ತು ಅಂಗಡಿಯಲ್ಲಿ ಅವಳಿಗೆ ಎಲ್ಲವೂ ಅರ್ಥವಾಗಿತ್ತೋ ಏನೋ.

ನೀವು ಟಿವಿಯ ಮುಂದೆ ಎದ್ದು ನಿಂತು ‘ಬಿಡಬ್ಯಾಡ, ಬಿಡಬ್ಯಾಡ’ ಎಂದು ಕೂಗಿದಿರಂತೆ. ಅಮ್ಮ ಹೇಳಿದಳು.

ನಿಮ್ಮ,
ವಾಗೀಶ


ಆದೋನಿ
26 ಮೇ 2025

ಲೇ ಚಾಂಪಿಯನ್,

ರಜೆ ಎಂದು ಊರಿಗೆ ಬಂದವನು ನಾಲ್ಕು ತಿಂಗಳಾದರೂ ಬರೆಯಲಿಲ್ಲ, ಕಾರಣವಿದೆ. ಕೆಲಸ ಮುಗಿಯುವವರೆಗೆ ನಿನಗೆ ಹೇಳಬಾರದೆಂದು ಎಲ್ಲರಿಂದ ಮಾತು ತೆಗೆದುಕೊಂಡಿದ್ದೆ.

ಸುಂಕಪ್ಪ ಮೇಸ್ತ್ರಿ ಹಳೆಯ ಕಾರೊಂದನ್ನು ಎಬ್ಬಿಸಿದ್ದಾನೆ. ಕ್ಲಚ್ಚು ಗೇರಿನ ಹಿಡಿಯಲ್ಲೇ ಇದೆ, ಬೆರಳಿನಿಂದ ಒತ್ತಿದರೆ ಸಾಕು, ಎಡಗಾಲಿಗೆ ಕೆಲಸವೇ ಇಲ್ಲ. ಮೂರು ಸಲ ಮಾಡಿ ಮೂರು ಸಲ ಮುರಿದ. ನಾಲ್ಕನೆಯದು ನಿಂತಿತು. ಅಪ್ಪ ದಿನಾ ಸಂಜೆ ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕುಳಿತು ಮೇಸ್ತ್ರಿಗೆ ಬುದ್ಧಿ ಹೇಳುತ್ತಿದ್ದರು. ಅವರಿಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಮೇಸ್ತ್ರಿ ಒಂದೇ ಸಮನೆ ಹೌದ್ರೀ ಸಾವ್ಕಾರ್ರೇ ಎನ್ನುತ್ತಿದ್ದ.

ನಿನ್ನೆ ಬಳ್ಳಾರಿಯ ಮಣ್ಣಿನ ಟ್ರ್ಯಾಕಿನಲ್ಲಿ ಹೆಸರು ಕೊಟ್ಟೆ. ಓಡಿಸಲು ಬಿಡುವ ಮೊದಲು ಒಂದು ಪರೀಕ್ಷೆ ಇಟ್ಟರು. ಬೆಂಕಿ ಹತ್ತಿದೆ ಎಂದು ತಿಳಿದು ಹತ್ತು ಸೆಕೆಂಡಿನೊಳಗೆ ಕಾರಿನಿಂದ ಹೊರಗೆ ಬರಬೇಕು. ಒಂಬತ್ತರಲ್ಲಿ ಬಂದೆ. ಕಾಲು ಒಳಗೇ ಸಿಕ್ಕಿಕೊಂಡಿತು. ಅಧಿಕಾರಿ ನನ್ನನ್ನೊಮ್ಮೆ, ಒಳಗಿದ್ದ ಕಾಲನ್ನೊಮ್ಮೆ ನೋಡಿ ತಲೆ ಕೆರೆದುಕೊಂಡ. “ಸಾರ್, ನಾ ಹೊರಗ ಬಂದೀನಿ. ಅದು ಕಾರಿನ ಸಾಮಾನು ಅಂತ ಬರ್ಕೋರಿ” ಎಂದೆ. ಸಹಿ ಹಾಕಿದ.

ಇಪ್ಪತ್ತೆರಡು ಕಾರಿನಲ್ಲಿ ಎರಡನೆಯ ಸ್ಥಾನ, ನರೇಶ. ಎಲ್ಲ ಕಾಲೂ ಇರುವ ಇಪ್ಪತ್ತು ಮಂದಿ ನನ್ನ ಹಿಂದೆ ಧೂಳು ತಿಂದರು. ಮೊದಲ ಬಾರಿ ಗೇರು ಹಾಕಿದಾಗ ಕ್ಲಚ್ಚು ಒತ್ತಲು ಎಡಗಾಲನ್ನೇ ಎತ್ತಿದೆ. ಎರಡನೆಯ ತಿರುವಿನ ನಂತರ ಎಲ್ಲವೂ ಇದ್ದ ಹಾಗೇ ಇತ್ತು. ಹಿಂದಿನ ಚಕ್ರ ಜಾರುವುದು, ಅದನ್ನು ಹಿಡಿದು ತರುವುದು, ಹೊಟ್ಟೆಯೊಳಗೆ ಆ ನಗು. ಆರು ವರ್ಷ ಎಲ್ಲಿತ್ತೋ, ಒಂದಿಷ್ಟೂ ತುಕ್ಕು ಹಿಡಿದಿರಲಿಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡೇ ಇದ್ದಳಂತೆ. ಅಪ್ಪ ಸಮಯ ಬರೆಯುವವನ ಜೊತೆ ಜಗಳಕ್ಕೆ ನಿಂತಿದ್ದರು, ನನ್ನ ಮಗನೇ ಮೊದಲು, ನಿಮ್ಮ ಗಡಿಯಾರ ಸರಿ ಇಲ್ಲ ಎಂದು.

ಮುಂದಿನ ಭಾನುವಾರ ಊಟಕ್ಕೆ ಬರಬೇಕಂತೆ. ನಾನು ಕರೆಯುತ್ತಿಲ್ಲ, ಅಪ್ಪ ಕರೆಯುತ್ತಿದ್ದಾರೆ. ನಾನು ಬರೆಯುವಾಗ ಪಕ್ಕದಲ್ಲೇ ನಿಂತು “ಬರಾಕ ಹೇಳು, ಹೋಳಿಗಿ ಮಾಡಸ್ತೀನಿ” ಎಂದು ಎರಡು ಸಲ ಹೇಳಿ ಹೋದರು.

ಕೊನೆಯದಾಗಿ ಒಂದು ವಿಷಯ. ನಿಮ್ಮ ಸ್ಟಾಕ್ ಕಾರ್ ಸರಣಿಯವರು ಈ ವರ್ಷ ಎರಡು ಹೊಸ ತಂಡಗಳನ್ನು ಸೇರಿಸಿಕೊಳ್ಳುತ್ತಿದ್ದಾರೆ. ಅದರಲ್ಲಿ ಒಂದರ ಡ್ರೈವರು ನಾನು. ನಿನ್ನೆಯ ರೇಸು ನೋಡಲು ಬಂದ ಆ ತಂಡದವರು ಅಲ್ಲೇ ಕೇಳಿದರು, ಅಲ್ಲೇ ಒಪ್ಪಿದೆ. ನಿನ್ನ ಬಲತಿರುವು, ಎಡತಿರುವು, ಟೈರಿನ ಗಾಳಿ, ಎಲ್ಲಿ ಹೆದರುತ್ತೀಯ, ಎಲ್ಲಿ ಹೆದರುವುದಿಲ್ಲ, ಎಲ್ಲ ನನಗೆ ಗೊತ್ತಿದೆ.

ಬೇರೆ ಸ್ಪಾಟರ್ ಹುಡುಕಿಕೋ.

ವಾಗೀಶ